ನಿಜ ಬರೆದ ಚೀಟಿ

ಬಳ್ಳಾರಿಗೆ ಉಸಿರಾಡುವ ಗಾಳಿ ಡಬ್ಬಿಯಲ್ಲಿ ಬರತೊಡಗಿ ಒಂಬತ್ತು ವರ್ಷವಾಗಿತ್ತು. ಮನೆಗೆ ದಿನಕ್ಕೊಂದು ಡಬ್ಬಿ. ಎಷ್ಟು ಬೇಕೆಂದು ಪ್ರತಿ ಓಣಿಯವರೂ ಡಿಪೋಗೆ ಚೀಟಿ ಬರೆಯಬೇಕು. ಡಿಪೋದವರು ಅರ್ಧ ಕಡಿಯುತ್ತಾರೆಂದು ಓಣಿಯವರು ಎರಡರಷ್ಟು ಬರೆಯುವರು. ಎರಡರಷ್ಟು ಬರೆಯುತ್ತಾರೆಂದು ಡಿಪೋದವರು ಅರ್ಧ ಕಡಿಯುವರು.

ಈ ವಾರ ಹೊಸ ಆದೇಶ ಬಂತು: ನಿಜ ಬರೆಯಿರಿ, ಕಡಿಯುವುದಿಲ್ಲ. ಕಮ್ಮಾರ ಓಣಿಯ ಚೀಟಿ ಬರೆಯುವ ಗಾದಿಲಿಂಗ ಅದನ್ನು ನಂಬಿ, ನಲವತ್ತು ಮನೆಗೆ ನಲವತ್ತೇ ಬರೆದ. ಬಂದದ್ದು ಇಪ್ಪತ್ತು. ಚೀಟಿ ಬರೆದವನ ಮನೆಗೆ ಕೊನೆಯ ಪಾಳಿ ಎಂಬುದು ಓಣಿಯ ಕಟ್ಟಳೆ. ಅವನ ಕೂಸಿಗೆ ಡಬ್ಬಿ ಉಳಿಯಲಿಲ್ಲ.

ಕೂಸನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಓಣಿಯ ಚೀಟಿ ಬರೆಯುವ ತಿಪ್ಪಮ್ಮನ ಹತ್ತಿರ ಓಡಿದ. ಆದೇಶವನ್ನು ನಂಬದ ಅವಳು ಮೂರರಷ್ಟು ಬರೆದಿದ್ದಳು. ಅಂಗಳದಲ್ಲಿ ಹನ್ನೊಂದು ಡಬ್ಬಿ ಮಿಕ್ಕಿದ್ದವು.

"ಅಕ್ಕಾ, ಒಂದು ಕೊಡು. ಕೂಸಿನ ತುಟಿ ನೀಲಿ ಆಗೈತೆ ನೋಡು."

"ನಿಜ ಬರಿ ಅಂದ್ರೆ ಬರಿಯಾದೇನಲೇ, ಮಳ್ಳ?"

"ತಪ್ಪಾತು. ಕೊಡು."

"ಡಬ್ಬಿ ಮ್ಯಾಲೆ ನಮ್ಮ ಓಣಿ ನಂಬರ್ ಐತೆ. ನಿನ್ನ ಮನ್ಯಾಗೆ ಸಿಕ್ರೆ ನಮ್ಮತ್ರ ಮಿಕ್ಕಿತ್ತಂತ ಗೊತ್ತಾಗ್ತೈತೆ. ನಾಳೆ ನಮ್ಮ ಮಕ್ಳಿಗೂ ಕಡೀತಾರೆ. ಖಾಲಿ ಡಬ್ಬಿ ಒಯ್ಯೋ ಲಾರಿ ಬರೋ ಹೊತ್ತಾತು, ಸರಿ ಅತ್ಲಾಗ."

ತುಂಬಿದ ಡಬ್ಬಿಯೊಂದೂ ಲಾರಿಯವರ ಕಣ್ಣಿಗೆ ಬೀಳಬಾರದೆಂದು ಅವಳು ಒಂದೊಂದಾಗಿ ಮೂತಿ ತಿರುಗಿಸಿ ಗಾಳಿಯನ್ನು ಬೀದಿಗೆ ಬಿಡತೊಡಗಿದಳು. ಗಾದಿಲಿಂಗ ಮಂಡಿಯೂರಿ ಕೂಸಿನ ಮುಖವನ್ನು ಮೂತಿಗೆ ಹಿಡಿದ. ತಿಪ್ಪಮ್ಮ ಬೇಡವೆನ್ನಲಿಲ್ಲ, ಮುಖ ತಿರುಗಿಸಿಕೊಂಡಳು. ಹನ್ನೊಂದನೆಯ ಡಬ್ಬಿಯ ಸದ್ದು ನಿಂತಾಗ ಕೂಸು ಇನ್ನೂ ಗಾಳಿಗಾಗಿ ಬಾಯಿ ತೆರೆದುಕೊಂಡೇ ಇತ್ತು.