ಪಾಚಿ ಎಣ್ಣೆಯ ಘಮ

ಹೆಣ್ಣು ನೋಡಲು ನಂದವರಂನಿಂದ ಬಂದವರು ಉಪ್ಪಿಟ್ಟಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಆದೋನಿಯಲ್ಲಿ ಕರೆಂಟು ಹೋಯಿತು.

ಹುಡುಗನ ತಾಯಿ ಗುರುಲಿಂಗಮ್ಮ ಆಗಷ್ಟೇ ಒಂದು ಮಾತು ಮುಗಿಸಿದ್ದರು. ಹುಡುಗಿ ಅಶ್ವಿನಿ ತನ್ನ ತಂದೆಯ ಹಳೇ ಹತ್ತಿ ಮಿಲ್ಲಿನ ಹಿಂದೆ ತೊಟ್ಟಿಗಳಲ್ಲಿ ಪಾಚಿ ಬೆಳೆಸಿ, ಒಣಗಿಸಿ, ಡೀಸೆಲ್ ಬದಲಿಗೆ ಉರಿಯುವ ಎಣ್ಣೆ ತೆಗೆಯುತ್ತಾಳೆ, ಉಳಿದ ಹಿಂಡಿ ಕೋಳಿ ಫಾರಮ್ಮಿಗೆ ಹೋಗುತ್ತದೆ ಎಂದು ಕೇಳಿಯೇ ಅವರಿಗೆ ಕಾಲು ಜಾರಿದಂತಾಗಿತ್ತು.

"ಮದುವಿ ಆದ ಮ್ಯಾಲೆ ಅದನ್ನೆಲ್ಲಾ ಬಿಡಬೇಕಮ್ಮಾ. ನಮ್ಮ ಬಾವ್ಯಾಗ ಪಾಚಿ ಕಟ್ಟಿದ್ರ ಆಳು ಇಳಿಸಿ ತೆಗೆಸ್ತೀವಿ ನಾವು."

ತಂದೆ ಕೊಟ್ರಬಸಪ್ಪ ಮಗಳ ಕಡೆ ನೋಡದೆ ತಲೆಯಾಡಿಸಿದ್ದರು.

ಈಗ ಬಂದವರ ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತು. ಕೊಟ್ರಬಸಪ್ಪ ಮಗಳಿಗೆ ಜನರೇಟರ್ ಹಾಕಲು ಹೇಳಿದರು. ಹಿತ್ತಲಲ್ಲಿ ಎರಡು ಡಬ್ಬಿಗಳಿದ್ದವು. ಬಂಕಿನ ಡೀಸೆಲ್ ಇದ್ದದ್ದನ್ನು ಅಶ್ವಿನಿ ಮುಟ್ಟಲಿಲ್ಲ; ತನ್ನ ಪಾಚಿ ಎಣ್ಣೆಯನ್ನೇ ಸುರಿದಳು. ಅದರ ಹೊಗೆಯ ಗುಣ ಅವಳಿಗೆ ಗೊತ್ತಿತ್ತು; ಅದು ಪಡಸಾಲೆಯವರೆಗೂ ನಡೆದು ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಫ್ಯಾನು ತಿರುಗಿತು. ಎಲ್ಲರೂ ಉಸ್ಸೆಂದರು. ಆಮೇಲೆ ಯಾರೂ ಉಸಿರೆಳೆಯಲಿಲ್ಲ. ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟದ ಆ ಮನೆಯಲ್ಲಿ, ಶಿವಪಾರ್ವತಿಯರ ಪಟದ ಕೆಳಗೇ, ಯಾರೋ ಬಾಣಲೆ ತುಂಬ ಮೀನು ಕರಿಯುತ್ತಿರುವಂಥ ಘಮ ತುಂಬಿತು.

ಗುರುಲಿಂಗಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಕೊಟ್ರಬಸಪ್ಪ ಕೊರಳಿನ ಲಿಂಗ ಹಿಡಿದು, ಅದು ಬರೀ ಪಾಚಿಯೆಂದು ಆಣೆ ಮಾಡಿದರು. ಮೀನಿಗೆ ಆ ವಾಸನೆ ಬರುವುದೇ ಪಾಚಿ ತಿಂದು ಎಂದು ಅಶ್ವಿನಿ ವಿವರಿಸಿದಳು. ಅದರಿಂದ ಸಂಗತಿ ಇನ್ನಷ್ಟು ಕೆಟ್ಟಿತು. ಬಂದವರು ಕೈ ತೊಳೆಯದೆಯೇ ಎದ್ದು ಹೋಗಿ ಕಾರು ಹತ್ತಿದರು.

ಗೋಡೆಗೊರಗಿ ಕೂತ ಅಪ್ಪನ ಪಕ್ಕ ಅಶ್ವಿನಿ ಒಂದು ಲೋಟ ನೀರಿಟ್ಟಳು. ಅವಳ ಎದೆ ಮಾತ್ರ ಹಗುರವಾಗಿತ್ತು. ಜನರೇಟರ್ ಆರಿಸಲೆಂದು ಹಿತ್ತಲಿಗೆ ಹೋದಳು.

ಅಲ್ಲಿ ಹುಡುಗ ಬಸವಕಿರಣ ನಿಂತಿದ್ದ. ಇಷ್ಟು ಹೊತ್ತು ತಟ್ಟೆಯನ್ನೇ ನೋಡುತ್ತಿದ್ದವನು, ಕರ್ಚೀಫು ಮರೆತೆನೆಂದು ತಾಯಿಗೆ ಹೇಳಿ ಕಾರಿಳಿದು ಬಂದಿದ್ದ. ಹಿಂದೆ ಮುಂದೆ ನೋಡಿ ಹತ್ತಿರ ಬಂದ.

"ಖರೇನ ಹೇಳ್ರಿ, ಯಾರಿಗೂ ಹೇಳಂಗಿಲ್ಲ," ಎಂದು ಪಿಸುಗುಟ್ಟಿದ. "ಕೊರ್ರಮೀನು ಹೌದಲ್ರಿ?"

"ಪಾಚಿರಿ."

ಅವನ ಮುಖ ಇಳಿದುಹೋಯಿತು.

"ಅಂದ್ರ ನಿಮ್ಮ ಮನ್ಯಾಗೂ ಬರೇ ಪುಂಡಿಪಲ್ಯಾನ?"