ಬೆನ್ನುಡಿ ದಾಟಿದ ಓದುಗ

ಕಾದಂಬರಿ ಅಚ್ಚಾಗಿ ವರ್ಷವಾದರೂ ಪದ್ಮಾಕ್ಷಿಯ ಸಿಟ್ಟು ಇಳಿದಿರಲಿಲ್ಲ. ಬಂದ ವಿಮರ್ಶೆಗಳೆಲ್ಲ ಬರೀ ಬೆನ್ನುಡಿ ನೋಡಿ ಬರೆದವು. ಕಟ್ಟಿಕೊಂಡ ಗಂಡನೇ ಮೂರನೇ ಅಧ್ಯಾಯ ದಾಟಿರಲಿಲ್ಲ.

ಅಂದು ಅಪರಿಚಿತರೊಬ್ಬರು ಅದೇ ಪುಸ್ತಕ ಹಿಡಿದು ಮನೆಗೆ ಬಂದರು. ಪುಟಪುಟಕ್ಕೂ ಚೀಟಿ, ಸಾಲುಸಾಲಿಗೂ ಕೆಂಪು ಗೆರೆ.

"ಪೂರ್ತಿ ಓದಿದ್ರಾ?" ಅವಳು ಕುರ್ಚಿ ಎಳೆದು ಕೂರಿಸಿದಳು.

"ನಾಲ್ಕು ಸಲ ಮೇಡಂ. ಒಂದಕ್ಷರ ಬಿಟ್ಟಿಲ್ಲ."

ಕಾಫಿ ಕೊಟ್ಟು, ಸಂಕೋಚದಿಂದಲೇ ಕೇಳಿದಳು: "ಇನ್ನು ಮೂವತ್ತು ವರ್ಷ ಆದ್ಮೇಲೂ ಯಾರಾದ್ರೂ ಇದನ್ನ ಹೀಗೆ ಓದ್ತಾರಾ?"

"ಓದಲೇಬೇಕಲ್ಲ!" ಅವರು ಲೋಟ ಕೆಳಗಿಟ್ಟು ಚೀಲದಿಂದ ವಕೀಲರ ನೋಟಿಸು ತೆಗೆದರು. "ನಮ್ಮ ಜನಾಂಗಕ್ಕೆ ಅವಮಾನ ಮಾಡಿದ್ದೀರಿ ಅಂತ ಕೇಸು ಹಾಕ್ತಿದ್ದೀವಿ. ನಮ್ಮ ಕೋರ್ಟಲ್ಲಿ ಅದು ಅಷ್ಟು ಬೇಗ ಎಲ್ಲಿ ಮುಗಿಯುತ್ತೆ?"