ಬಂದರಿನ ಬಸ್ಸು

ಊಟಕ್ಕೆ ಬಸ್ಸು ನಿಂತಾಗ ಇಳಿಯಬೇಕು. ಮತ್ತೆ ಹತ್ತಬಾರದು. ಅಷ್ಟೇ. ಆ ಮೂರು ಮೆಟ್ಟಿಲುಗಳನ್ನು ಅವಳು ಮನಸ್ಸಿನಲ್ಲೇ ಎಷ್ಟು ಸಲ ಇಳಿದಿದ್ದಳೋ.

ಪಕ್ಕದಲ್ಲಿ ಕಿಟಕಿಗೆ ತಲೆಯಾನಿಸಿ ಅತ್ತೆ ತೂಕಡಿಸುತ್ತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವರ ಕಾಲು ಹೋಗಿತ್ತು. ಹಿಂದೆಯೇ ನೆನಪೂ ಒಂದೊಂದಾಗಿ ಕಳಚಿಕೊಂಡಿತ್ತು. ಈಗ ಯಾರು ಏನು ಕೇಳಿದರೂ ಒಂದೇ ಉತ್ತರ. ಬೆಳಿಗ್ಗೆ ಬಸ್ಸಿನ ಸಹಾಯಕ, “ನಿಮ್ಮೋರೆಲ್ಲ ಬಂದ್ರಾ ಅಜ್ಜಿ?” ಎಂದಾಗ, ಮಗ ಇನ್ನೂ ಕೆಳಗೆ ಪೆಟ್ಟಿಗೆಗಳ ಜೊತೆ ಗುದ್ದಾಡುತ್ತಿದ್ದರೂ, “ಹೂಂ, ಬಂದ್ರು” ಎಂದುಬಿಟ್ಟಿದ್ದರು. ಸುತ್ತಲಿನವರು ನಕ್ಕಿದ್ದರು. ರಜೆಗೆ ಹೊರಟವರಿಗೆ ಎಲ್ಲವೂ ನಗುವೇ.

ಓಡಾಡುವ ದಾರಿಯ ಆಚೆ ಬದಿಗೆ ಗಂಡ. ಗಾಜಿನಂಗಡಿಯಲ್ಲಿ ಗಾಜು ಕತ್ತರಿಸುವ ಕೆಲಸ ಅವನದು. ಮನೆಗೆ ಬಂದರೆ ಬಾಯಿಗೆ ಬೀಗ. ಅಂಥವನು ಒಂದು ಸಂಜೆ ಚಪ್ಪಲಿ ಬಿಡುತ್ತಲೇ, “ಹಡಗಿನ ಪ್ರವಾಸಕ್ಕೆ ಬುಕ್ ಮಾಡ್ದೆ. ನಿಮ್ಮಿಬ್ರಿಗೂ ಒಂದು ಬದಲಾವಣೆ ಬೇಕು” ಎಂದಾಗ ಅವಳು ತೊಳೆಯುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದಳು.

“ಅತ್ತೇನ ಕರ್ಕೊಂಡು ಹಡಗಾ? ತಲೆ ಸರಿ ಇದೆಯೇನ್ರೀ?”

“ಅಲ್ಲಿ ಡಾಕ್ಟ್ರು, ನರ್ಸು ಎಲ್ಲ ಇರ್ತಾರಂತೆ. ಗಾಲಿಕುರ್ಚಿ ತಳ್ಳೋಕೂ ಜನ. ನಿನಗೆ ಅಷ್ಟು ಕಷ್ಟ ಆಗಲ್ಲ.”

ಅವಳಿಗೆ ದಾರಿ ಕಂಡದ್ದು ಆಗಲೇ. ಅತ್ತೆ ಬಿದ್ದ ದಿನದಿಂದ ಲಾಂಡ್ರಿಯ ಕೆಲಸ ಬಿಟ್ಟಿದ್ದಳು. ಗೆಳತಿಯರು ಬಿಟ್ಟುಹೋದರು, ನಿದ್ದೆ ಬಿಟ್ಟುಹೋಯಿತು. ಕೊನೆಗೆ ಕನ್ನಡಿಯಲ್ಲಿ ಕಾಣುವವಳು ಯಾರೆಂದೂ ಗುರುತು ಸಿಗದಾಯಿತು. ಎರಡು ಸಲ ಚೀಲ ಕಟ್ಟಿದ್ದಳು. ಎರಡು ಸಲವೂ ಒಳಗಿನಿಂದ ಅತ್ತೆ ಕೆಮ್ಮಿದ್ದರು, ಚೀಲ ಬಿಚ್ಚಿದ್ದಳು. ಅವರನ್ನು ಒಂಟಿಯಾಗಿ ಬಿಟ್ಟುಹೋಗಲು ಅವಳ ಕರುಳು ಕಲ್ಲಾಗಿರಲಿಲ್ಲ. ಆದರೆ ಹಡಗಿನಲ್ಲಿ ಡಾಕ್ಟರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಹೆತ್ತ ಮಗನಿದ್ದಾನೆ. ಒಂದು ಸಲವಾದರೂ ಅವನು ನೋಡಿಕೊಳ್ಳಲಿ. ಮಾಡಿದರೆ ಗೊತ್ತಾಗುತ್ತದೆ.

ಬಸ್ಸು ಹೆದ್ದಾರಿಯ ಹೋಟೆಲ್ಲಿನ ಮುಂದೆ ನಿಂತಿತು. ಎದುರಿಗೆ ಇನ್ನೊಂದು ಬಸ್ಸು ಹೊಗೆಯುಗುಳುತ್ತ ನಿಂತಿತ್ತು. ಆ ಹೊತ್ತಿಗೆ ಅಲ್ಲಿ ನಿಲ್ಲುವುದು ಈ ಎರಡೇ: ಬಂದರಿಗೆ ಹೋಗುವುದೊಂದು, ಬಂದರಿನಿಂದ ಬರುವುದೊಂದು.

ಗಂಡ ಎದ್ದು ಕೋಟು ಬಿಚ್ಚಿ ಸೀಟಿನ ಮೇಲೆ ಹಾಕಿದ. ಕೈಚೀಲ ಹೆಗಲಿಗೇರಿಸಿದ. “ಟಾಯ್ಲೆಟ್ ಹತ್ರ ಕ್ಯೂ ಇರತ್ತೆ. ನನಗೆ ಕಾಯ್ಬೇಡ, ನೀವಿಬ್ರೂ ತಿಂದ್ಬಿಡಿ. ಟಿಕೆಟ್ ನಿನ್ನ ಹತ್ರಾನೇ ಇರ್ಲಿ.” ಆಮೇಲೆ ಬಗ್ಗಿ, ಅಮ್ಮನ ಕತ್ತಿನ ಬಟ್ಟೆ ಸರಿಮಾಡಿ, ಕೆನ್ನೆ ಸವರಿದ. ಈಚಿನ ವರ್ಷಗಳಲ್ಲಿ ಅವಳು ಅಂಥದ್ದನ್ನು ಕಂಡಿರಲಿಲ್ಲ. ಪರವಾಗಿಲ್ಲ, ಈಗಲೇ ಕೈ ಪಳಗಿಸಿಕೊಳ್ಳುತ್ತಿದ್ದಾನೆ ಅಂದುಕೊಂಡಳು.

“ಬೇಗ ಬನ್ರಿ. ಅತ್ತೆ ಒಬ್ರೇ ಆಗ್ಬಾರ್ದು.”

“ನೀನಿದೀಯಲ್ಲ” ಎಂದ ಅವನು, ಇಳಿದುಹೋದ.

ಅವಳು ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಅತ್ತೆಗೆ ತಿನ್ನಿಸಿದಳು. ಬಾಯಿ ಒರೆಸಿದಳು. ಟಿಕೆಟ್ಟು, ಮಾತ್ರೆಗಳನ್ನು ಗಂಡನ ಕೋಟಿನ ಜೇಬಿಗೆ ಸೇರಿಸಿದಳು.

“ಹೋಗ್ಬರ್ತೀನಿ ಅತ್ತೆ.”

“ಹೂಂ” ಎಂದರು ಅತ್ತೆ.

ಮೂರು ಮೆಟ್ಟಿಲು. ಇಳಿದಳು. ಫೋನಿನ ಸಿಮ್ ಕಿತ್ತು ಕಸದ ಡಬ್ಬಕ್ಕೆ ಹಾಕಿ, ಎದುರಿನ ಬಸ್ಸು ಹತ್ತಿದಳು. ಹಿಂದಿನ ಸಾಲಿನಲ್ಲಿ ಒಂದೇ ಸೀಟು ಖಾಲಿ ಇತ್ತು. ಪಕ್ಕದಲ್ಲಿ ಬಸ್ಸಿನವರು ಕೊಡುವ ಕಂಬಳಿಯನ್ನು ತಲೆಯತನಕ ಎಳೆದುಕೊಂಡು ಯಾರೋ ಮಲಗಿದ್ದರು. ತಾಗದಂತೆ ಮುದುಡಿ ಕೂತಳು.

“ಇನ್ನು ಊರು ಬರೋವರೆಗೂ ಎಲ್ಲೂ ನಿಲ್ಸಲ್ಲ” ಎಂದು ಕಂಡಕ್ಟರು ಹಣ ತೆಗೆದುಕೊಂಡ.

ಕಿಟಕಿಯಾಚೆ ಬಂದರಿನ ಬಸ್ಸು ಹಾರ್ನ್ ಹೊಡೆಯಿತು. ಜನ ಕೈ ಒರೆಸಿಕೊಳ್ಳುತ್ತ ಓಡಿ ಹತ್ತಿದರು. ಸಹಾಯಕ ಅತ್ತೆಯ ಸೀಟಿನ ಬಳಿ ಬಗ್ಗಿ ಏನೋ ಕೇಳಿದ, ಅತ್ತೆ ಹೂಂ ಎನ್ನುವಂತೆ ತಲೆಯಾಡಿಸಿದರು. ಅವಳು ತಲೆ ತಗ್ಗಿಸಿಕೊಂಡು ಕಾದಳು. ಈಗ ಗದ್ದಲವಾಗುತ್ತದೆ. ‘ನನ್ನ ಹೆಂಡತಿ ಬಂದಿಲ್ಲ, ನಿಲ್ಸಿ’ ಎಂದು ಗಂಡ ಕೂಗುತ್ತಾನೆ. ಹೋಟೆಲ್ಲಿಗೆ ಓಡುತ್ತಾನೆ, ಹೆಂಗಸರ ಕಡೆ ಹೋಗಿ ವಿಚಾರಿಸುತ್ತಾನೆ.

ಯಾರೂ ಕೂಗಲಿಲ್ಲ. ಬಾಗಿಲು ಮುಚ್ಚಿತು. ಬಂದರಿನ ಬಸ್ಸು ಹೆದ್ದಾರಿಗೆ ತಿರುಗಿ, ಚಿಕ್ಕದಾಗಿ, ಇಲ್ಲವಾಯಿತು.

ಬಿಟ್ಟು ಬಂದವಳು ತಾನೇ. ಆದರೂ ಐದು ನಿಮಿಷ? ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಒಂದು ಐದು ನಿಮಿಷ ಬಸ್ಸು ನಿಲ್ಲಿಸುವಷ್ಟೂ ಅವನಿಗೆ ತಾನು ಬೇಕಾಗಿರಲಿಲ್ಲವೇ?

ಈ ಬಸ್ಸೂ ಹೊರಟಿತು. ಬೇರೆ ದಿಕ್ಕಿಗೆ, ಒಳ್ಳೆ ವೇಗದಲ್ಲಿ. ಸೆರಗು ಬಾಯಿಗೊತ್ತಿ ತಡೆದಳು, ತಡೆದಳು, ಕೊನೆಗೆ ತಡೆಯಲಾಗದೆ ಬಿಕ್ಕಿದಳು. ಪಕ್ಕದ ಕಂಬಳಿ ಅಲುಗಿತು. ಸರಿಯಿತು. ಕಂಬಳಿಯೊಳಗಿನ ಮುಖ ಅವಳನ್ನು ನೋಡಿ ಬಿಳಿಚಿಕೊಂಡಿತು.

“ನೀನು ಇಲ್ಲಿದ್ರೆ... ಅಮ್ಮನ ಹತ್ರ ಯಾರಿದಾರೆ?” ಎಂದು ಕೇಳಿದ ಅವಳ ಗಂಡ.